ತಪಾಸಣೆಗೆ ಮುಂಚೆ ಗಣಿಯ ಹಿಂಭಾಗಕ್ಕೆ ಹೋಗಿ ಬಾ

ರಾಬರ್ಟ್‌ಸನ್‌ಪೇಟೆ, ಕೆಜಿಎಫ್

ಚಿ. ರಮ್ಯಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ಮೊನ್ನೆ ಫೋನಿನಲ್ಲಿ ನೀನು ಹೇಳಿದ್ದು ತಲೆಯಲ್ಲೇ ಸುತ್ತುತ್ತಿದೆ. ಮುಂದಿನ ತಿಂಗಳು ಕೇಂದ್ರ ಸರ್ಕಾರದ ಗಣಿ ಬ್ಯೂರೋದವರು ನಿಮ್ಮ ಚಿನ್ನದ ಗಣಿಯ ತಪಾಸಣೆಗೆ ಬರುತ್ತಾರೆ, ಅಷ್ಟರೊಳಗೆ ಗೇಟಿನಿಂದ ಆಫೀಸಿನ ತನಕ ಗಿಡ ನೆಡಿಸಬೇಕು ಅಂತ ಮೇಲಿನವರು ಹೇಳಿದ್ದಾರೆ ಅಂದೆ. ನೆಡಿಸು, ಬೇಡ ಅನ್ನೋದಿಲ್ಲ. ಆದರೆ ನೆಲ, ನೀರು ನೋಡಿಕೊಳ್ಳುವ ನಿನ್ನ ಕೆಲಸ ಇರುವುದು ಗಣಿಯ ಹಿಂಭಾಗದಲ್ಲಿ, ಯಾರೂ ಕಾರು ನಿಲ್ಲಿಸದ ಕಡೆ.

ಚಿನ್ನದ ಗಣಿ ಬೇರೆ ಗಣಿಗಳ ಹಾಗಲ್ಲ ಕಣಮ್ಮ. ಕಬ್ಬಿಣದ ಅದಿರಾದರೆ ಜಾಸ್ತಿ ಪಾಲು ಲಾರಿ ಹತ್ತಿ ಊರು ಬಿಡುತ್ತದೆ. ಇಲ್ಲಿ ಒಂದು ಟನ್ ಕಲ್ಲಿಗೆ ಸಿಗುವುದು ಕೆಲವೇ ಗ್ರಾಂ. ಮಿಕ್ಕಿದ್ದೆಲ್ಲ, ರಾಗಿ ಹಿಟ್ಟಿನ ಹಾಗೆ ನುಣ್ಣಗೆ ಅರೆದು ಚಿನ್ನ ಬಿಡಿಸಲು ಸೈನೈಡ್ ನೀರಿನಲ್ಲಿ ಕಲಸಿದ್ದು, ಅಲ್ಲೇ ಉಳಿಯುತ್ತದೆ. ‘ನಮ್ಮದು ಸಣ್ಣ ಗಣಿ’ ಅಂತ ನಿಮ್ಮವರು ಹೇಳುವುದರಲ್ಲಿ ನನಗೆ ಸಮಾಧಾನ ಕಾಣುವುದಿಲ್ಲ.

ನಮ್ಮೂರ ಸೈನೈಡ್ ದಿಬ್ಬಗಳನ್ನು ನಿನಗೆ ನಾನು ಪರಿಚಯ ಮಾಡಿಸಬೇಕಾಗಿಲ್ಲ. 13 ದಿಬ್ಬ, ಸುಮಾರು ಸಾವಿರ ಎಕರೆ. ಆಷಾಢದ ಗಾಳಿ ಎದ್ದರೆ ಒಣಹಾಕಿದ ಬಟ್ಟೆ ಮೇಲೆ, ಕೊಡದ ಕಂಠದ ಮೇಲೆ, ಕಿಟಕಿಯ ಸಂದಿಯಲ್ಲಿ ಬೂದಿಬಣ್ಣದ ಪುಡಿ. ಮಳೆ ಬಂದು ಒಣಗಿದ ಮೇಲೆ ದಿಬ್ಬದ ಮೇಲೆ ತೆಳ್ಳನೆ ಪದರ ಕಟ್ಟುತ್ತದೆ. ನಾಲ್ಕು ಮೇಕೆ ನಡೆದಾಡಿದರೆ ಸಾಕು, ಪದರ ಒಡೆದು ಮತ್ತೆ ಧೂಳು. ಜೋರು ಮಳೆಯಲ್ಲಿ ಆಳುದ್ದದ ಕೊರಕಲು ಬಿದ್ದು ಕೆಸರು ತಗ್ಗಿಗೆ ಹರಿಯುತ್ತದೆ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈ ಹಾಕಿದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಗಣಿ ಮುಚ್ಚುವ ಯೋಜನೆ ಮೊದಲೇ ಬರೆದು ಒಪ್ಪಿಗೆ ಪಡೆಯಬೇಕು, ಅದಕ್ಕೆ ಹಣದ ಭದ್ರತೆ ಇಡಬೇಕು ಅನ್ನುವ ನಿಯಮ ಬಂದದ್ದು 2003ರಲ್ಲಿ. ಬರೀ ಎರಡು ವರ್ಷ! ಆ ನಿಯಮ ಮುಂಚೆಯೇ ಇದ್ದಿದ್ದರೆ ಅಂತ ಈಗಲೂ ಹೊಟ್ಟೆ ಉರಿಯುತ್ತದೆ. ನಿನಗೆ ಆ ನಿಯಮ ಕೆಲಸಕ್ಕೆ ಸೇರಿದ ದಿನದಿಂದಲೇ ಕೈಯಲ್ಲಿದೆ. ಅದನ್ನು ಫೈಲಿಗೆ ಹಾಕಿ ಮರೆಯಬೇಡ.

ಮೊದಲು ಮೇಲ್ಮಣ್ಣು ನೋಡು. ಗುಂಡಿ ತೋಡುವಾಗ ತೆಗೆದ ಮೇಲಿನ ಅರ್ಧ ಅಡಿ, ಒಂದಡಿ ಮಣ್ಣು ಈಗ ಎಲ್ಲಿದೆ ಅಂತ ಕೇಳು. ಬಹಳ ಕಡೆ ಅದು ಬೇಡದ ಕಲ್ಲಿನ ರಾಶಿಯ ಅಡಿಯಲ್ಲೇ ಹೋಗಿರುತ್ತದೆ. ಬೇರೆಯಾಗಿ ಇಟ್ಟಿದ್ದರೆ ನಿನ್ನ ಪುಣ್ಯ. ಆ ಮಣ್ಣಿನ ರಾಶಿ ಎತ್ತರ ಏರಲು ಬಿಡಬೇಡ, ಒಳಗಿನ ಮಣ್ಣು ಉಸಿರುಕಟ್ಟಿ ಸತ್ತುಹೋಗುತ್ತದೆ. ಮಳೆ ಬೀಳುತ್ತಿದ್ದ ಹಾಗೆ ಅದರ ಮೇಲೆ ಹುರುಳಿ ಚೆಲ್ಲಿಸು. ಬೇರು ಮಣ್ಣು ಹಿಡಿಯುತ್ತದೆ, ಸಾರವೂ ಉಳಿಯುತ್ತದೆ. ವರ್ಷಗಟ್ಟಲೆ ಕೂಡಿಡಬೇಡ. ಗುಂಡಿಯಲ್ಲಿ ಕೆಲಸ ಮುಗಿದ ಬೆಂಚು, ಅಂದರೆ ಮೆಟ್ಟಿಲು, ಒಂದೇ ಇದ್ದರೂ ಈ ಮಳೆಗಾಲದಲ್ಲೇ ಅಲ್ಲಿ ಹರಡಿಸು. ಗಣಿ ಮುಚ್ಚುವ ವರ್ಷ ಎಲ್ಲ ಒಟ್ಟಿಗೆ ಮಾಡೋಣ ಅನ್ನುವವರ ಮಾತು ಕೇಳಬೇಡ. ಆ ವರ್ಷ ಆದಾಯ ಇರುವುದಿಲ್ಲ, ಜನವೂ ಇರುವುದಿಲ್ಲ.

ಗಿಡದ ವಿಷಯ. ಕಲ್ಲಿನ ರಾಶಿಯ ಇಳಿಜಾರಿಗೆ ಮೊದಲು ಹುಲ್ಲು ಬೇಕು. ಲಾವಂಚ ಹಾಕಿಸು, ಅದರ ಬೇರು ಆಳಕ್ಕಿಳಿಯುತ್ತದೆ. ಆಮೇಲೆ ಹೊಂಗೆ, ಬೇವು, ಸೀತಾಫಲ. ಗೇಟಿನ ಹತ್ತಿರದ ಅಲಂಕಾರದ ಗಿಡಕ್ಕೆ ಟ್ಯಾಂಕರ್ ನೀರು ಬೇಕು. ನಮ್ಮ ಬಯಲುಸೀಮೆಯ ಗಿಡ ಎರಡು ಬೇಸಿಗೆ ದಾಟಿಬಿಟ್ಟರೆ ತಾನೇ ನೋಡಿಕೊಳ್ಳುತ್ತದೆ.

ಇನ್ನು ಟೇಲಿಂಗ್ಸ್ ಕೊಳ, ಅಂದರೆ ಆ ಅರೆದ ಕಲ್ಲಿನ ಕೆಸರು ನಿಲ್ಲಿಸುವ ಕೊಳ. ನೀನು ಕೆರೆ ಏರಿ ನೋಡಿ ಬೆಳೆದವಳು, ಅದೇ ಕಣ್ಣಲ್ಲಿ ಇದನ್ನೂ ನೋಡು. ಏರಿಯ ಬುಡದಲ್ಲಿ ಜಿನುಗು ಇದೆಯಾ? ನೀರಿಗೂ ಏರಿಯ ತಲೆಗೂ ಎಷ್ಟು ಅಂತರ? ಕೆರೆ ಕೋಡಿ ಬಿದ್ದರೆ ಊರಿಗೆ ಹಬ್ಬ, ಈ ಕೊಳ ಮಾತ್ರ ಯಾವತ್ತೂ ಕೋಡಿ ಬೀಳಬಾರದು. ಸುತ್ತಲಿನ ಚರಂಡಿಯ ಹೂಳು ತೆಗೆಸು, ಹೊರಗಿನ ಮಳೆನೀರು ಒಳಗೆ ನುಗ್ಗಬಾರದು. ಕೆಳಗಿನ ಬೋರ್‌ವೆಲ್ ನೀರನ್ನು ಮಳೆಗೆ ಮುಂಚೆ ಒಂದ್ಸಲ, ಆಮೇಲೆ ಒಂದ್ಸಲ ಪರೀಕ್ಷೆಗೆ ಕಳಿಸು. ಸೈನೈಡ್ ಬಿಸಿಲಿಗೆ ನಿಧಾನವಾಗಿ ಒಡೆದು ಹೋಗುತ್ತದೆ. ಕಲ್ಲಿನಲ್ಲಿದ್ದ ಆರ್ಸೆನಿಕ್ ಹಾಗೆ ಹೋಗುವಂಥದ್ದಲ್ಲ. ಎರಡನ್ನೂ ನೋಡಬೇಕು. ವರದಿ ಬಂದಾಗ ಆ ಬೋರಿನ ರೈತರಿಗೂ ಒಂದು ಪ್ರತಿ ಕೊಡು. ಅವರ ನೀರು, ಅವರಿಗೆ ತಾನೇ ಮೊದಲು ಗೊತ್ತಾಗಬೇಕಾದ್ದು?

ಬರುವವರು ಬೇರೆ ಬೇರೆ ಕಣ್ಣಿನವರು. ಗಣಿ ಸುರಕ್ಷತೆಯವರು ಕಾರ್ಮಿಕರ ಜೀವ ನೋಡುತ್ತಾರೆ, ಮಾಲಿನ್ಯ ಮಂಡಳಿಯವರು ನೀರು, ಗಾಳಿ. ಬ್ಯೂರೋದವರು ಮುಚ್ಚುವ ಯೋಜನೆಯಲ್ಲಿ ಬರೆದದ್ದನ್ನೂ ನೆಲದ ಮೇಲಿರುವುದನ್ನೂ ತಾಳೆ ಹಾಕುತ್ತಾರೆ. ಪ್ರತಿ ವರ್ಷ ಜುಲೈ 1ಕ್ಕೆ ಮುಂಚೆ ಕಳಿಸುವ ವರದಿಯಲ್ಲಿ ಆಗದ ಕೆಲಸ ಆಗಿದೆ ಅಂತ ಬರೆದು ಸಹಿ ಹಾಕು ಅಂದರೆ ಹಾಕಬೇಡ ಮಗಳೇ. ಎಲ್ಲಾದರೂ ಕುಸಿದಿದ್ದರೆ ಬಂದವರಿಗೆ ಆ ಜಾಗವನ್ನು ನೀನೇ ಕರೆದುಕೊಂಡು ಹೋಗಿ ತೋರಿಸು, ರಿಪೇರಿಗೆ ಎಷ್ಟು ದಿನ ಬೇಕು ಅಂತಲೂ ಹೇಳು. ಅವರು ನೋಟಿಸು ಬರೆದರೆ ಒಳ್ಳೆಯದೇ. ನೀನು ಕೇಳಿದರೆ ಬಿಡುಗಡೆಯಾಗದ ಹಣ ಆ ಕಾಗದಕ್ಕೆ ಬಿಡುಗಡೆಯಾಗುತ್ತದೆ.

ಮೇಲಿನವರು ಒಪ್ಪದಿದ್ದರೆ ತುಮಕೂರನ್ನು ನೆನಪಿಸು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಜೊತೆಗೆ ಚಿತ್ರದುರ್ಗ, ತುಮಕೂರಿನ ಕಬ್ಬಿಣದ ಗಣಿಗಳನ್ನೂ ನಿಲ್ಲಿಸಿತು. ನೆಲ ಸರಿಪಡಿಸುವ ಯೋಜನೆ ಮಾಡಿ, ಅದರಂತೆ ನಡೆದುಕೊಳ್ಳುವ ತನಕ ಮತ್ತೆ ಶುರುವಾಗಲಿಲ್ಲ. ಹೆಚ್ಚು ಅಕ್ರಮ ಮಾಡಿದವರ ಗುತ್ತಿಗೆಯೇ 2013ರಲ್ಲಿ ರದ್ದಾಯಿತು. ಲೆಕ್ಕ ಹಾಕುವವರಿಗೆ ಈ ಭಾಷೆ ಬೇಗ ಅರ್ಥವಾಗುತ್ತದೆ.

ನಿನ್ನ ದೊಡ್ಡಮ್ಮ ಗೌರಿ ಹಬ್ಬಕ್ಕೆ ಕಾಯುತ್ತಿದ್ದಾಳೆ. ಬರುವಾಗ ಮುಚ್ಚುವ ಯೋಜನೆಯ ನಕಲು, ಅದರ ನಕ್ಷೆ ಎರಡೂ ತಗೊಂಡು ಬಾ. ಚರಂಡಿ ಯಾವ ಕಡೆ ತಿರುಗಬೇಕು ಅನ್ನೋದನ್ನ ಒಟ್ಟಿಗೆ ಕೂತು ನೋಡೋಣ.

ಇಂತಿ,
ನಿನ್ನ ದೊಡ್ಡಪ್ಪ