ಊರ ಹೊಗೆಯ ಬಗ್ಗೆ ಕೇಳಲು ಹೊರಟ ಗೆಳೆಯನಿಗೆ

ಪ್ರೀತಿಯ ಗೆಳೆಯ,

ಪಾಂಡವಪುರದ ಕಡೆಯ ನಿಮ್ಮೂರಲ್ಲಿ ಹೊಗೆಯ ಬಗ್ಗೆ ಜನರನ್ನು ಮಾತಾಡಿಸಬೇಕು ಅಂತ ನೀನು ಅಂದಿದ್ದೆ. "ಇಲ್ಲಿ ವಾಯುಮಾಲಿನ್ಯ ಇದೆಯಾ?" ಅಂತ ಮಾತ್ರ ಕೇಳಬೇಡ. ಅದೆಲ್ಲ ಬೆಂಗಳೂರಿನ ಕಾಯಿಲೆ ಅಂದುಬಿಡುತ್ತಾರೆ. ಒಣಹಾಕಿದ ಬಟ್ಟೆಯನ್ನು ಯಾವ ಹೊತ್ತಿಗೆ ಒಳಗೆ ತರುತ್ತೀರಿ, ಕಣ್ಣು ಯಾವಾಗ ಉರಿಯುತ್ತೆ, ರಾತ್ರಿ ಕಿಟಕಿ ಮುಚ್ಚುತ್ತೀರಾ ಅಂತ ಕೇಳು. ಹೊಗೆ ಎಲ್ಲಿಂದ ಬರುತ್ತೆ ಅನ್ನೋದು ಆಗ ತಾನಾಗಿ ಹೊರಬರುತ್ತೆ.

ಜನ ದೂರುವುದು ಹೆಚ್ಚಾಗಿ ಕಣ್ಣಿಗೆ ಕಾಣುವುದನ್ನು: ಕಬ್ಬಿನ ತರಗಿಗೆ ಬೆಂಕಿ ಹಾಕಿದಾಗ ಅಂಗಳಕ್ಕೆ ಉದುರುವ ಕರಿ ಬೂದಿ. ಆದರೆ ಆ ಚೂರುಗಳು ದಪ್ಪ, ಶ್ವಾಸಕೋಶದ ಆಳಕ್ಕೆ ಇಳಿಯುವುದಿಲ್ಲ. ಇಳಿಯುವುದು ಪಿಎಂ 2.5, ಕೂದಲೆಳೆಯ ದಪ್ಪದ ಸುಮಾರು ಮೂವತ್ತರಲ್ಲಿ ಒಂದು ಪಾಲಿನಷ್ಟು ಅಥವಾ ಅದಕ್ಕಿಂತಲೂ ಸಣ್ಣ ಕಣ. ಆಲೆಮನೆಯಲ್ಲಿ ಹಸಿ ಸಿಪ್ಪೆ ಉರಿಸಿದಾಗ ಏಳುವ ಬಿಳಿ ಹೊಗೆಯನ್ನು "ಬರೀ ಹಬೆ" ಅನ್ನುತ್ತಾರೆ. ಅದರಲ್ಲಿ ನೀರಿನ ಹಬೆಯೂ ಇದೆ, ಅರೆಬೆಂದ ಸಿಪ್ಪೆಯ ಸಣ್ಣ ಕಣವೂ ತುಂಬಿದೆ. ಗಾಣದಿಂದ ಬಂದ ಸಿಪ್ಪೆಯಲ್ಲಿ ಅರ್ಧದಷ್ಟು ನೀರೇ ಇರುತ್ತದೆ. ಬಿಸಿಲಲ್ಲಿ ಚೆನ್ನಾಗಿ ಒಣಗಿಸಿದರೆ ಹೊಗೆ ಇಳಿದು ಕೊಪ್ಪರಿಗೆಗೆ ಕಾವು ಹೆಚ್ಚು ಸಿಗುತ್ತದೆ. ಹಳೆ ಟೈರು ಉರಿಸುವುದು ಬೇರೆಯದೇ ವಿಷ, ಅದರಲ್ಲಿ ರಾಜಿ ಬೇಡ.

ಇನ್ನೊಂದು ಮಾತು. ಹೊಗೆ ಒಳ್ಳೆಯದು ಅನ್ನುವವರನ್ನು ತಿದ್ದಲು ಹೋಗಬೇಡ. ಒಲೆಯ ಮೇಲೆ ಕಟ್ಟಿದ ಬಿತ್ತನೆ ಜೋಳಕ್ಕೆ ಹುಳ ಬೀಳುವುದು ಕಡಿಮೆ, ಕೊಟ್ಟಿಗೆಯಲ್ಲಿ ಹೊಗೆ ಹಾಕಿದರೆ ಸೊಳ್ಳೆ ದೂರ. ಅದು ಅನುಭವದ ಮಾತು. ಆದರೆ ಅದೇ ಒಲೆಯ ಮುಂದೆ ದಿನಾ ಮೂರು ತಾಸು ಕೂರುವ ಹೆಂಗಸರನ್ನು ಬೇರೆಯಾಗಿಯೇ ಮಾತಾಡಿಸು. ಗಂಡಸರ ಎದುರು ಅಡುಗೆಮನೆಯ ಹೊಗೆ ಲೆಕ್ಕಕ್ಕೇ ಬರುವುದಿಲ್ಲ. ಆಲೆಮನೆಯ ಕೂಲಿಯವರನ್ನೂ ಮಾಲೀಕರಿಲ್ಲದ ಕಡೆ ಕೇಳು, ಅವರ ಅನ್ನ ಅಲ್ಲೇ ಇದೆ.

ಗಾಳಿಯಲ್ಲಿನ ಈ ಸಣ್ಣ ಕಣ ಅಳೆಯುವ ಮೀಟರ್ ಇಡುವುದಾದರೆ ಎರಡು ತಗೋ. ಮೊದಲ ವಾರ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಒಂದೇ ರೀತಿ ತೋರಿಸುತ್ತವಾ ನೋಡು. ನೆರಳಲ್ಲಿ, ಮಳೆ ತಾಗದಂತೆ, ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ಒಲೆಯ ಚಿಮಣಿಯಿಂದಲೂ ಮಣ್ಣುರಸ್ತೆಯಿಂದಲೂ ದೂರ ಇರಲಿ. ಮಾಗಿಯ ಮಂಜಿನಲ್ಲಿ ಅಗ್ಗದ ಮೀಟರ್ ನೀರಹನಿಯನ್ನೂ ಕಣ ಅಂತ ಎಣಿಸುತ್ತದೆ. ಹಾಗಾಗಿ ತೇವಾಂಶವನ್ನೂ ಜೊತೆಗೇ ಬರೆದುಕೋ, ತೇವ ಹೆಚ್ಚಿದ್ದ ಬೆಳಗಿನ ಅಂಕಿಯನ್ನು ನಂಬಿ ಯಾರನ್ನೂ ದೂರಬೇಡ. ಹಾಗಂತ ಚಳಿಗಾಲದ ರಾತ್ರಿಯ ಅಂಕಿಯೆಲ್ಲ ಸುಳ್ಳಲ್ಲ. ಗಾಳಿ ನಿಂತು ನೆಲ ತಣ್ಣಗಾದಾಗ ಸಂಜೆಯ ಹೊಗೆ ಮೇಲೇಳದೆ ಊರ ಮೇಲೇ ಕವಿದು ಕೂರುತ್ತದೆ. ಮೂಗು ಆ ವಾಸನೆಗೆ ಒಗ್ಗಿರುತ್ತದೆ, ಆದ್ದರಿಂದ ಅದನ್ನು ಯಾರೂ ಹೇಳುವುದಿಲ್ಲ.

ಪಿಎಂ 2.5ಕ್ಕೆ ನಮ್ಮ ದೇಶದ ಮಿತಿ ದಿನದ ಸರಾಸರಿಗೆ ಘನ ಮೀಟರಿಗೆ 60 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 15. ರಾತ್ರಿ ಎಂಟರ ಒಂದು ಅಂಕಿಯನ್ನು ಇವಕ್ಕೆ ಹೋಲಿಸಬೇಡ, ಇಡೀ 24 ಗಂಟೆಯ ಸರಾಸರಿ ತೆಗೆ.

ಎರಡು ವಾರ ಹತ್ತು ಮನೆಯವರು ಹೊತ್ತು, ವಾಸನೆ, ಗಾಳಿಯ ದಿಕ್ಕು ಬರೆದಿಡಲಿ. ಆಮೇಲೆ ಮೀಟರ್‌ನ ಗೆರೆಯ ಪಕ್ಕ ಆ ಹಾಳೆಗಳನ್ನಿಟ್ಟು ಎಲ್ಲರ ಜೊತೆ ಕೂತು ನೋಡು. ಆ ದಿನ ತರಗು ಸುಡುವ ರೈತರೂ ಬರಲಿ. ಕೂಳೆ ಬೆಳೆಯಲ್ಲಿ, ಅಂದರೆ ಕಡಿದ ಕಬ್ಬಿನ ಬುಡದಿಂದ ಮತ್ತೆ ಚಿಗುರುವ ಬೆಳೆಯಲ್ಲಿ, ತರಗನ್ನು ಸಾಲು ಬಿಟ್ಟು ಸಾಲಿಗೆ ಹರಡಿದರೆ ತೇವ ಉಳಿಯುತ್ತದೆ, ಕಳೆ ಕಡಿಮೆಯಾಗುತ್ತದೆ. ಅವರಿಗೆ ಮೊದಲು ಆ ಮಾತು ಹೇಳು.

ನಿನ್ನ ಗೆಳೆಯ