ಶಾಲೆಗೆ ಹೋಗುವಾಗ ಪಕ್ಕದಲ್ಲಿ ಒಬ್ಬರಿರಲಿ

ಮಾನ್ಯರೇ,

ನನ್ನ ಮಗನಿಗೆ ಎರಡೂ ಕಿವಿ ಸರಿಯಾಗಿ ಕೇಳಿಸುವುದಿಲ್ಲ. ಮಂಡ್ಯದಿಂದ ಬೆಳಗಿನ ರೈಲು ಹಿಡಿದು ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಗೆ ಎಷ್ಟು ಸಲ ಹೋಗಿದ್ದೇವೋ ಲೆಕ್ಕವಿಲ್ಲ. ಅಲ್ಲಿ ಮಾತು ಕಲಿತ. ಕಷ್ಟ ಶುರುವಾಗಿದ್ದು ಶಾಲೆಯಲ್ಲಿ.

ಮೂರನೇ ಕ್ಲಾಸಿನಲ್ಲಿದ್ದಾಗ ಹೆಡ್‌ಮಾಸ್ಟರು ಕರೆಸಿ, ‘ಇವನಿಗೆ ಇಲ್ಲಿ ಆಗಲ್ಲ, ಸ್ಪೆಷಲ್ ಶಾಲೆಗೆ ಸೇರಿಸಿ’ ಅಂದರು. ‘ನಮ್ಮ ಸ್ವಂತ ಇಚ್ಛೆಯಿಂದ ಟಿ.ಸಿ. ಪಡೆಯುತ್ತಿದ್ದೇವೆ’ ಎಂದು ಆಗಲೇ ಬರೆದಿಟ್ಟಿದ್ದ ಹಾಳೆಯನ್ನು ಮುಂದಿಟ್ಟರು. ನಮ್ಮ ಯಜಮಾನರು ಪೆನ್ನು ತೆಗೆದೇಬಿಟ್ಟಿದ್ದರು. ಮೇಷ್ಟ್ರಿಗೆ ಎದುರು ಮಾತಾಡಿ ನಮಗೆ ಅಭ್ಯಾಸವಿಲ್ಲ, ಅಲ್ವಾ?

ಅವತ್ತು ನಮ್ಮ ಪಂಚಾಯಿತಿಯಲ್ಲಿ ಅಂಗವಿಕಲರಿಗೆ ನೆರವಾಗುವ ಪುನರ್ವಸತಿ ಕಾರ್ಯಕರ್ತೆ ಜೊತೆಗೆ ಬಂದಿದ್ದರು. ಅವರೂ ಪೋಲಿಯೊದಿಂದ ಕಾಲು ಎಳೆದುಕೊಂಡು ನಡೆಯುವವರು. ಆ ಹಾಳೆಯ ಮೇಲೆ ಕೈಯಿಟ್ಟು, ‘ಸರ್, ಕಳಿಸುವುದಾದರೆ ಕಾರಣ ನೀವೇ ಬರೆದು ಸಹಿ ಮಾಡಿ ಕೊಡಿ’ ಅಂದರು. ದನಿ ಏರಿಸಲಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪ್ರಕಾರ ಶೇ 40 ಅಥವಾ ಅದಕ್ಕಿಂತ ಜಾಸ್ತಿ ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ, ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆಯೂ ಇದೆ ಅಂತ ಹೇಳಿದರು. ಹಾಳೆ ಡ್ರಾಯರ್ ಸೇರಿತು.

ಆಮೇಲೆ ಅವರು ಕ್ಲಾಸ್ ಟೀಚರ್ ಹತ್ತಿರವೂ ಕೂತು ಮಾತಾಡಿದರು. ಕಿವಿಯಂತ್ರ ಪಾಠದ ಜೊತೆ ಬೆಂಚು ಎಳೆಯುವ ಸದ್ದನ್ನೂ ಜೋರು ಮಾಡುತ್ತೆ, ಬೋರ್ಡಿನ ಕಡೆ ತಿರುಗಿ ಮಾತಾಡಿದರೆ ಹುಡುಗನಿಗೆ ತುಟಿ ಕಾಣಲ್ಲ, ಮುಂದಿನ ಬೆಂಚಿನಲ್ಲಿ ಕೂರಿಸಿ ಅಂತ. ಆ ಟೀಚರ್ ಕೆಟ್ಟವರಲ್ಲ, ಅವರಿಗೆ ಇದನ್ನು ಯಾರೂ ಹೇಳಿರಲೇ ಇಲ್ಲ. ನಮಗೂ ಒಂದು ಪಾಠ ಆಯಿತು: ಏನೇ ಕೇಳುವುದಿದ್ದರೂ ಅರ್ಜಿ ಬರೆದು ಕೊಡಬೇಕು, ಸ್ವೀಕೃತಿ ತೆಗೆದುಕೊಳ್ಳಬೇಕು. ಮಗ ಈಗ ಅದೇ ಶಾಲೆಯಲ್ಲಿ ಏಳನೇ ಕ್ಲಾಸು.

ಅವರು ಜೊತೆಗಿರದಿದ್ದರೆ ಸಹಿ ಬಿದ್ದಿರುತ್ತಿತ್ತು. ಹಾಗೆ ಸಹಿ ಹಾಕಿ, ಮಗುವನ್ನು ಸುಮ್ನೆ ಮನೆಯಲ್ಲಿ ಕೂರಿಸಿಕೊಂಡ ತಾಯಂದಿರು ನನಗೇ ಗೊತ್ತು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಸಿಗುತ್ತಾರೆ ಅನ್ನುವುದೂ ಎಷ್ಟೋ ಮನೆಗಳಿಗೆ ಪರೀಕ್ಷೆ ಮುಗಿದ ಮೇಲೆ ತಿಳಿಯುತ್ತೆ.

ಈ ಕಾರ್ಯಕರ್ತರು ಗೌರವಧನಕ್ಕೆ ದುಡಿಯುವವರು. ಇವರಿಗೆ ಶಾಲೆಯ ನಿಯಮಗಳ ಬಗ್ಗೆ ತರಬೇತಿ ಕೊಡಿ, ಬಸ್ ಖರ್ಚು ಕೊಡಿ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಯವರು ಇವರ ಹೆಸರು, ಫೋನ್ ನಂಬರನ್ನು ಪ್ರತಿ ಶಾಲೆಯ ನೋಟಿಸ್ ಬೋರ್ಡಿಗೆ ಹಾಕಿಸಲಿ, ಜೂನ್‌ನಲ್ಲಿ ದಾಖಲಾತಿ ಶುರುವಾಗುವ ಮೊದಲೇ.

– ಒಬ್ಬ ತಾಯಿ, ಮಂಡ್ಯ ತಾಲ್ಲೂಕು