ಮೊದಲು ರಕ್ತಪರೀಕ್ಷೆ ಮಾಡಿಸು

ಪ್ರೀತಿಯ ತಂಗಿ,

ನಿನ್ನ ಕಾಗದ ಎರಡು ಸಲ ಓದಿದೆ. ಟಿವಿ ಧಾರಾವಾಹಿಗೆ ದಿನಕ್ಕೊಂದು ಎಪಿಸೋಡಿನ ಸಂಭಾಷಣೆ, ಮುಂದಿನ ಎಪಿಸೋಡುಗಳನ್ನು ಮೊದಲೇ ಶೂಟ್ ಮಾಡಿಟ್ಟುಕೊಳ್ಳದ ವಾರಗಳಲ್ಲಿ ಸೆಟ್‌ನಿಂದಲೇ ಫೋನು, ಗುರುವಾರ ಟಿಆರ್‌ಪಿ ಬಂತೆಂದರೆ ಇಡೀ ಕಥೆಯ ಟ್ರ್ಯಾಕೇ ತಲೆಕೆಳಗು. "ಬರೆಯೋದಂದ್ರೆ ಪ್ರಾಣ ಬಿಡ್ತಿದ್ದೆ ಅಕ್ಕಾ, ಈಗ ಲ್ಯಾಪ್‌ಟಾಪ್ ತೆರೆಯೋಕೂ ಮನಸ್ಸಿಲ್ಲ, ಸೋಮಾರಿ ಆಗಿಬಿಟ್ನಾ?" ಅಂತ ಕೇಳಿದ್ದೀಯ. ಸೋಮಾರಿಗಳು ಹೀಗೆ ಕೇಳಿದ್ದನ್ನು ನಾನಂತೂ ಕಂಡಿಲ್ಲ.

ಬರವಣಿಗೆಯ ಮಾತು ಆಮೇಲೆ. ಮೊದಲು ರಕ್ತಪರೀಕ್ಷೆ ಮಾಡಿಸು. ಹಿಮೋಗ್ಲೋಬಿನ್, ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆಯೆಂದು ತೋರುವ ಫೆರಿಟಿನ್, ಬಿ12, ಥೈರಾಯ್ಡ್‌ಗೆ ಟಿಎಸ್‌ಎಚ್, ಜೊತೆಗೆ ಸಕ್ಕರೆ. ನಮ್ಮ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 57ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳಿದೆ. ನೀನು ಸಸ್ಯಾಹಾರಿ, ಸಾಲದ್ದಕ್ಕೆ ಹಾಲು ಮೊಸರನ್ನೂ ಬಿಟ್ಟಿದ್ದೀಯ. ಬಿ12 ಸೊಪ್ಪು ಕಾಳುಗಳಲ್ಲಿ ಸಿಗುವಂಥದ್ದಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು, ಬೆರಳ ತುದಿಯಲ್ಲಿ ಜೋಮು, ಆರು ತಿಂಗಳಿಂದ ಬರೆಯುತ್ತಿರುವ ಪಾತ್ರದ ಹೆಸರೇ ಮರೆಯುವುದು. ಇದನ್ನೆಲ್ಲ ನೀನು ಪ್ರತಿಭೆ ಬತ್ತಿದ ಲೆಕ್ಕಕ್ಕೆ ಬರೆದುಕೊಂಡಿದ್ದೀಯ. ಯಾವ ಡಾಕ್ಟರೂ ಆ ಲೆಕ್ಕ ಒಪ್ಪುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ಮಾತ್ರೆ ನುಂಗಬೇಡ, ರಿಪೋರ್ಟ್ ಹಿಡಿದು ಡಾಕ್ಟರ ಹತ್ತಿರ ಹೋಗು.

ಇನ್ನೊಂದು ವಿಷಯವನ್ನೂ ಅವರ ಹತ್ತಿರ ಮುಚ್ಚಿಡಬೇಡ. ರಜೆಯ ದಿನವೂ, ಗೆಳತಿಯರ ನಡುವೆಯೂ, ಇಷ್ಟದ ಅಡುಗೆ ಮುಂದಿದ್ದಾಗಲೂ ಏನೂ ರುಚಿಸದೆ ವಾರಗಳೇ ಕಳೆಯುತ್ತಿದ್ದರೆ ಅದು ಬರೀ ಕೆಲಸದ ದಣಿವಲ್ಲ, ಖಿನ್ನತೆ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ. ಬದುಕೇ ಬೇಡ ಅನ್ನುವ ಯೋಚನೆ ಒಮ್ಮೆ ಸುಳಿದರೂ ಸಾಕು, ಬೆಳಗಾಗಲಿ ಅಂತ ಕಾಯಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ನನಗೂ ಮಾಡು.

ಇನ್ನು ಬರ್ನ್‌ಔಟ್, ಅಂದರೆ ಕೆಲಸದ ಒತ್ತಡದಲ್ಲೇ ಬೆಂದು ಬಸವಳಿಯುವುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದನ್ನು ವಿವರಿಸುವಾಗ ಕಾಯಿಲೆಗಳ ಸಾಲಿಗೆ ಸೇರಿಸಲಿಲ್ಲ, ಉದ್ಯೋಗಕ್ಕೆ ಅಂಟಿಕೊಂಡ ಸಂಗತಿ ಎಂದಿತು. ತ್ರಾಣವೆಲ್ಲ ಸೋರಿಹೋದಂಥ ಸುಸ್ತು, ಕೆಲಸದ ಬಗ್ಗೆ ಕಹಿ, ನನ್ನ ಕೈಲಿ ಏನೂ ಆಗುತ್ತಿಲ್ಲ ಎಂಬ ಭಾವನೆ: ಗುರುತುಗಳು ಇವು. 1974ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ ಇದರ ಬಗ್ಗೆ ಬರೆದದ್ದು ಉಚಿತ ಚಿಕಿತ್ಸಾಲಯಗಳಲ್ಲಿ ಮನಸ್ಸಿಟ್ಟು ದುಡಿಯುತ್ತಿದ್ದವರನ್ನು ನೋಡಿ. ನ್ಯೂಯಾರ್ಕಿನಲ್ಲಿ ಅವರೂ ಹಾಗೆ ದುಡಿದವರೇ. ಕಾಟಾಚಾರಕ್ಕೆ ಕೆಲಸ ಮಾಡುವವರಿಗಿಂತ ನಿನ್ನಂಥವರನ್ನೇ ಇದು ಹುಡುಕಿಕೊಂಡು ಬರುತ್ತದೆ.

ಕ್ರಿಸ್ಟಿನಾ ಮಾಸ್ಲಾಕ್ ಎಂಬ ಮನಶ್ಶಾಸ್ತ್ರಜ್ಞೆ ಈ ವಿಷಯವನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು. ಸಹ ಸಂಶೋಧಕ ಮೈಕೆಲ್ ಲೀಟರ್ ಜೊತೆ ಸೇರಿ ಅವರು ಇದರ ಬೇರು ಹುಡುಕಲು ಕೆಲಸದ ಆರು ಕಡೆ ನೋಡಿ ಎನ್ನುತ್ತಾರೆ. ಕೆಲಸದ ಹೊರೆ ಅದರಲ್ಲಿ ಒಂದು, ಅಷ್ಟೇ. ಉಳಿದವನ್ನು ನಿನ್ನ ಧಾರಾವಾಹಿಗೆ ಹಚ್ಚಿ ನೋಡು. ಕಥೆಯ ಮೇಲೆ ನಿನಗೆ ಹಿಡಿತವಿಲ್ಲ. ಸತ್ತವಳು ಮುಂದಿನ ವಾರ ಎದ್ದು ಬಂದರೂ ಅವಳ ಬಾಯಿಗೆ ಮಾತು ಹಾಕಬೇಕಾದವಳು ನೀನೇ. ಪ್ರತಿಫಲ ನೋಡಿದರೆ, ಸಂಭಾವನೆ ಮೂರು ತಿಂಗಳಿಂದ ಬಾಕಿ. ಟೈಟಲ್ ಕಾರ್ಡಿನಲ್ಲಿ ನಿನ್ನ ಹೆಸರು ಕೆಲವು ದಿನ ಇರುತ್ತೆ, ಕೆಲವು ದಿನ ಇರಲ್ಲ. ಇದು ನ್ಯಾಯದ ಪ್ರಶ್ನೆ. ಒಡನಾಟವೆಂದರೆ ವಾಟ್ಸಾಪ್ ಗ್ರೂಪು, ಅದರಲ್ಲೂ "ಅರ್ಜೆಂಟ್" ಬಿಟ್ಟು ಬೇರೆ ಮಾತಿಲ್ಲ. ಕೊನೆಯದು ಮೌಲ್ಯ. ಸೊಸೆ ಕೆನ್ನೆಗೆ ಹೊಡೆಸಿಕೊಂಡೂ ಅತ್ತೆಯ ಕಾಲು ಹಿಡಿಯುವ ಸೀನ್ ಬರೆದ ರಾತ್ರಿ ನಿದ್ದೆ ಬರಲಿಲ್ಲ ಅಂದೆಯಲ್ಲ, ಆ ನಿದ್ದೆಯನ್ನು ಯಾವ ಪ್ರಾಣಾಯಾಮ ತಂದುಕೊಡುತ್ತೆ? ನಾನು ಪ್ರಾಣಾಯಾಮದ ವಿರೋಧಿಯಲ್ಲ, ದಿನಾ ಮಾಡುತ್ತೇನೆ. ಅದು ಬಾಕಿ ದುಡ್ಡು ವಸೂಲಿ ಮಾಡುವುದಿಲ್ಲ, ಅಷ್ಟೇ ನನ್ನ ತಕರಾರು.

ಸಕಲೇಶಪುರಕ್ಕೆ ಎರಡು ದಿನ ಹೋಗಿ ಬಾ, ಸರಿಹೋಗ್ತೀಯ ಅಂತ ನಿರ್ಮಾಪಕರು ಹೇಳಿದರಂತೆ. ಹೋಗು, ಮಳೆ ಚೆನ್ನಾಗಿರುತ್ತೆ. ಖರ್ಚು ಯಾರದು ಅಂತ ಅವರು ಹೇಳಿದಂತಿಲ್ಲ!

ದೇಹ, ಮನಸ್ಸು, ದುಡ್ಡು, ಜನ ಎಲ್ಲವನ್ನೂ ಒಟ್ಟಿಗೆ ನೋಡಬೇಕು ಅಂದಾಗ ನೀನು ಆ್ಯಪ್ ಹಾಕಿಕೊಂಡು ಹೆಜ್ಜೆ, ನೀರು, ಧ್ಯಾನ ಎಲ್ಲದಕ್ಕೂ ಟಿಕ್ ಹೊಡೆಯಲು ಶುರು ಮಾಡುತ್ತೀಯ, ನನಗೆ ಗೊತ್ತು. ಬೇಡ, ಅದೂ ಇನ್ನೊಂದು ಡೆಡ್‌ಲೈನ್ ಆಗುತ್ತೆ. ಸದ್ಯಕ್ಕೆ ನಿದ್ದೆಯೊಂದನ್ನು ಹಿಡಿ. ಕೆಫೀನ್ ಅರ್ಧದಷ್ಟು ಇಳಿಯಲು ಸುಮಾರು ಐದು ಗಂಟೆ ಬೇಕು. ಸಂಜೆ ಏಳಕ್ಕೆ ಕುಡಿದ ಸ್ಟ್ರಾಂಗ್ ಕಾಫಿಯ ಅರ್ಧ ಪಾಲು ರಾತ್ರಿ ಹನ್ನೆರಡಕ್ಕೂ ಮೈಯಲ್ಲೇ ಇರುತ್ತದೆ. ಊಟದ ಜೊತೆಗೇ ಕುಡಿದರೆ ತಿಂದ ಕಬ್ಬಿಣಾಂಶವೂ ಮೈಗೆ ಹತ್ತುವುದು ಕಡಿಮೆ. ಬೆಳಗಿನದು ನಿನಗೆ ಬಿಟ್ಟಿದ್ದು, ಕಾಫಿ ಬಿಡು ಅಂತ ಹೇಳುವಷ್ಟು ಕ್ರೂರಿ ನಾನಲ್ಲ. ಬೆಳಗಿನ ಬಿಸಿಲಲ್ಲಿ ಸ್ವಲ್ಪ ನಡೆ. ಕುವೆಂಪು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ನಡೆದದ್ದನ್ನು ಎಲ್ಲರೂ ಹೇಳುತ್ತಾರೆ. ನಿನಗೆ ಕವಿತೆ ಹುಟ್ಟದಿದ್ದರೂ ಪರವಾಗಿಲ್ಲ, ಫೋನ್ ಮನೆಯಲ್ಲಿರಲಿ.

ರಾತ್ರಿ ಹನ್ನೊಂದರ ಮೇಲೆ ನಿನ್ನ ಸ್ವಂತ ಕಾದಂಬರಿ ಬರೆಯಲು ಕೂರುವುದನ್ನು ಮಾತ್ರ ನಿಲ್ಲಿಸು. ಬೇಸರ ಮಾಡಿಕೊಳ್ಳಬೇಡ. ಹಗಲೆಲ್ಲ ಪಂಪ್ ಹಾಕಿ ತಳ ಕಂಡ ಬಾವಿಗೆ ರಾತ್ರಿ ಮತ್ತೆ ಕೊಡ ಇಳಿಸಿದರೆ ಕೆಸರೇ ಬರೋದು. ಎರಡು ತಿಂಗಳು ಬರೀ ಓದು, ಅದೂ ಕೆಲಸಕ್ಕೆ ಬಾರದ್ದನ್ನು. ಭಾನುವಾರ ಟಿಆರ್‌ಪಿ ಅಂದರೇನೆಂದೇ ತಿಳಿಯದ ಜನರ ಜೊತೆ ಕೂತು ಊಟ ಮಾಡು.

ನಿರ್ಮಾಪಕರನ್ನು ಕಾಣಲು ಹೋದಾಗ ಅಳಲು ತೋಡಿಕೊಳ್ಳಬೇಡ, ಐದು ಬೇಡಿಕೆಯನ್ನೂ ಇಡಬೇಡ. ಐದರಲ್ಲಿ ಅತಿ ಸಣ್ಣದನ್ನು ಒಪ್ಪಿ ಕಳಿಸುತ್ತಾರೆ. ವಾರದ ಎಪಿಸೋಡುಗಳಲ್ಲಿ ಎರಡನ್ನು ಇನ್ನೊಬ್ಬ ಸಂಭಾಷಣೆಕಾರರಿಗೆ ಕೊಡಿ ಅಂತ ಕೇಳು. ಅದಕ್ಕೆ ತಕ್ಕಂತೆ ನಿನ್ನ ಸಂಭಾವನೆ ಇಳಿಯುತ್ತೆ, ಮನೆ ಬಾಡಿಗೆ ಲೆಕ್ಕ ಹಾಕಿಕೊಂಡೇ ಹೋಗು. ಬಾಕಿ ಹಣಕ್ಕೆ ತಾರೀಖು ಕೇಳಿ, ಒಪ್ಪಿದ್ದನ್ನು ಅವತ್ತೇ ಇ-ಮೇಲಿನಲ್ಲಿ ಬರೆದು ಕಳಿಸು. ಅಗ್ರಿಮೆಂಟ್ ಓದದೆ ಸಹಿ ಹಾಕಿದೆ ಅಂದಿದ್ದೆ. ಅದರ ಪ್ರತಿಯನ್ನು ಈ ವಾರವೇ ನನಗೆ ಕಳಿಸು. ಇಂಥದ್ದನ್ನು ಓದಿ ಹೇಳಬಲ್ಲ ವಕೀಲರೊಬ್ಬರು ಪರಿಚಯವಿದ್ದಾರೆ, ನಾನೇ ಮಾತಾಡಿಸುತ್ತೇನೆ.

ನಿನ್ನ ಅಕ್ಕ